ಹಿಂದಿನದರಂತೆಯೇ

ಚೌಬಾರಾದಿಂದ ಮದರಸಾ ಕಡೆ ಹೊರಳಿದರೆ
ಎಡಕ್ಕೆ ಮೂರನೆಯದು ನನ್ನ ಅಂಗಡಿ.
ಜೆರಾಕ್ಸ್, ಲ್ಯಾಮಿನೇಶನ್, ಕನ್ನಡ ಉರ್ದು ಟೈಪಿಂಗ್.
ಬೋರ್ಡಿನಲ್ಲಿ ಈಗಲೂ ಹಳೇ ಮಾಲೀಕನ ಹೆಸರು,
ಪೇಂಟರ್ ಬರುತ್ತೇನೆಂದು ಹೋದವನು ಬಂದಿಲ್ಲ.

ಏಳು ಫೈಲು ತಂದಿದ್ದಾರೆ ಬಿರಾದಾರ ಸರ್,
ಏಳು ಜನ ಬರೆದದ್ದು, ಒಂದು ಪೆನ್‌ಡ್ರೈವಿನಲ್ಲಿ.
ವಿಷಯ: ನೌಬಾದಿನ ಸುರಂಗ ಬಾವಿ.
ನೆಲದಡಿ ನೀರಿನ ದಾರಿ, ಮೇಲೆ ಅಲ್ಲಲ್ಲಿ ಬಾಯಿ.
ಒಂದು ಬಾಯಿಗೆ ಬಿದ್ದ ಚೆಂಬು
ಮರುದಿನ ಇನ್ನೊಂದರಲ್ಲಿ ಸಿಗುತ್ತಿತ್ತಂತೆ.
ನಾಳೆ ಹತ್ತಕ್ಕೆ ಡಿ.ಸಿ. ಆಫೀಸಿಗೆ ಹೋಗಬೇಕು,
ಐದು ಪ್ರತಿ, ಸ್ಪೈರಲ್.

ಒಂದು ದೊಡ್ಡ ಫೈಲು ಮಾಡಿ ಏಳನ್ನೂ ಜೋಡಿಸಿದೆ.
ಜೋಡಣೆ ಕೂತಿತು, ಪುಟಸಂಖ್ಯೆ ಕೂತಿತು.
ಆದರೆ ಏಳರ ನೆತ್ತಿಯ ಮೇಲೂ ಒಂದೇ ಹೆಸರು:
ಮುಕುಂದರಾವ್ ದೇಶಪಾಂಡೆ, ನಿವೃತ್ತ ಎಂಜಿನಿಯರ್.
ಖೈರುನ್ನಿಸಾ ಟೀಚರ್ ಓದಿಕೊಟ್ಟ ಫಾರ್ಸಿ ಕಾಗದದ ಮೇಲೆ ಅವರೇ,
ಕಾಲೇಜು ಹುಡುಗಿಯ ನೀರಿನ ಮಟ್ಟದ ಕೋಷ್ಟಕದ ಮೇಲೆ ಅವರೇ,
ಐದನೆಯದರ ಮೇಲೂ.

ಐದನೆಯದು ಝರಣಪ್ಪನದು.
ಹದಿನಾಲ್ಕರ ವಯಸ್ಸಿನಿಂದ ಹಗ್ಗ ಹಿಡಿದು
ಬಾಯಿ ಬಾಯಿಗೂ ಇಳಿದು ಹೂಳೆತ್ತಿದವನು.
ಅವನು ಹೇಳಿದ್ದು, ಯಾರೋ ಬರೆದುಕೊಂಡದ್ದು,
ನಾಲ್ಕೂವರೆ ಪುಟ.
ಪುಸ್ತಕ ಆಗೋದು ನೋಡಬೇಕೆಂದು ಬಂದು
ಸ್ಟೂಲಿನ ಮೇಲೆ ತುದಿಗೆ ಕೂತಿದ್ದಾನೆ.
'ಇದು ನಂದೇನವ್ವ?'
ನಿಮ್ಮದೇ.
'ಮ್ಯಾಲ ಏನ್ ಬರದದ?'
ಸ್ವಲ್ಪ ತಡೀರಿ ಕಾಕಾ, ಅಂದೆ.

ಅವನ ಫೈಲೊಂದನ್ನೇ ಬೇರೆ ತೆರೆದು ನೋಡಿದೆ.
ಒಂಟಿಯಾಗಿದ್ದಾಗ ಅವನು ಝರಣಪ್ಪನೇ.
ಜೋಡಿಸಿದ ಕೂಡಲೇ ದೇಶಪಾಂಡೆ.
ನುಡಿಯ ದೋಷವಿರಬೇಕೆಂದು ಯೂನಿಕೋಡಿಗೆ ತಂದೆ.
ಸ್ಟೈಲು ಕೆಟ್ಟಿರಬೇಕೆಂದು ಎಲ್ಲ ತೊಳೆದು ಹಾಕಿದೆ.
ಕರೆಂಟು ಹೋಯಿತು, ಯುಪಿಎಸ್ ಕೂಗಿತು, ಕರೆಂಟು ಬಂತು.
ಪುಟ ಒಡೆದೆ.
ಪುಟ ಒಡೆದರೆ ಸಾಲದು, ವಿಭಾಗವನ್ನೇ ಒಡೆಯಬೇಕು.
ಇಷ್ಟು ನೆನಪಾಗಲು ಎರಡು ಚಹಾ ಬೇಕಾಯಿತು.

ವಿಭಾಗ ಒಡೆದೆ.
ಎರಡು ಸಲ ಒತ್ತಿ ನೆತ್ತಿಯೊಳಗೆ ಇಳಿದೆ.
ಬಲಗಡೆ ಒಂದು ಸಣ್ಣ ಚೀಟಿ: ಹಿಂದಿನದರಂತೆಯೇ.
ಕಂಡೂ ಕಾಣದ ಹಾಗೆ ಅವಸರಕ್ಕೆ
ಅವನ ಹೆಸರು ಹೊಡೆದುಬಿಟ್ಟೆ.

ಮೇಲೆ ಸರಿಸಿದರೆ
ನಾಲ್ಕರ ಮೇಲೆ ಝರಣಪ್ಪ, ಮೂರರ ಮೇಲೆ ಝರಣಪ್ಪ,
ಒಂದನೆಯದರಲ್ಲಿ, ಇಳಿಜಾರಿನ ಲೆಕ್ಕ, ನಕ್ಷೆ,
ಎಂಜಿನಿಯರರ ಫೋಟೋ, ಅದರ ಮೇಲೂ ಝರಣಪ್ಪ.
ನೀರು ಏರಿಗೆ ಹರಿದಿತ್ತು.

ಬಿರಾದಾರ ಸರ್ ಹೊರಗೆ ಫೋನಿನಲ್ಲಿದ್ದರು.
ಅಳಿಸಬೇಕಿತ್ತು. ನಾನು ತಡ ಮಾಡಿದೆ.
ನೋಡ್ರಿ ಕಾಕಾ, ಇಡೀ ಪುಸ್ತಕ ನಿಮ್ಮದೇ ಆಗ್ಯಾದ.
ಅವನು ನಗಲಿಲ್ಲ.
'ತಗೀರಿ ತಗೀರಿ. ಆ ಸಾಹೇಬರು
ಮೂರನೇ ಬಾಯಿ ನೀರು ಸವಳು ಅಂದಾರಂತ.
ಸವಳಲ್ಲ ಅದು. ನಾ ಕುಡದೀನಿ.
ಅವರ ಮಾತಿಗಿ ನಾ ಯಾಕ ಜವಾಬ್ ಕೊಡ್ಲಿ?'

ಹಿಂದಕ್ಕೆ ಬಂದೆ. ಮೊದಲು ಕಡಿ, ಆಮೇಲೆ ಬರೆ.
ಐದನ್ನು ನಾಲ್ಕರಿಂದ ಕಡಿದೆ.
ಆರನ್ನೂ ಕಡಿಯಬೇಕು, ಮರೆತರೆ
ಝರಣಪ್ಪ ಆರಕ್ಕೂ ಏಳಕ್ಕೂ ಇಳಿಯುತ್ತಾನೆ,
ಅವನಿಗೆ ಇಳಿದು ರೂಢಿ.
ನೆತ್ತಿ ಖಾಲಿ ಮಾಡಿದೆ. ಕರ್ಸರ್ ಮಿನುಗುತ್ತ ಕಾಯಿತು.

ಉಳಿದವರಿಗೆಲ್ಲ ಹೆಸರಿನ ಮುಂದೆ ಏನಾದರೂ ಇದೆ,
ಡಿಗ್ರಿ, ಹುದ್ದೆ, ಊರಿನ ಕಾಲೇಜು.
ನಿಮಗೇನು ಹಾಕಲಿ?
ಅವನು ಗೋಡೆಯ ಕ್ಯಾಲೆಂಡರು ನೋಡಿದ,
ತನ್ನ ಅಂಗೈ ನೋಡಿಕೊಂಡ.
'ನಮ್ಮಪ್ಪನ ಹೆಸರು ಹಾಕ್ರಿ.
ಮಾಣಿಕಪ್ಪ. ಅವನೂ ಇಳೀತಿದ್ದ.'

ಕೊಂಡಿ ಕಡಿದ ಜಾಗದಲ್ಲೇ ಹೊಡೆದೆ:
ಝರಣಪ್ಪ ತಂದೆ ಮಾಣಿಕಪ್ಪ.

ರಾತ್ರಿ ಹತ್ತೂಮುಕ್ಕಾಲಿಗೆ ಆ ಪುಟ ಹೊರಬಂತು,
ಇನ್ನೂ ಬೆಚ್ಚಗಿತ್ತು, ಅಂಚು ಸ್ವಲ್ಪ ಸುರುಳಿ.
ಅವನು ಕೈ ಧೋತರಕ್ಕೆ ಒರೆಸಿಕೊಂಡು
ನೆತ್ತಿಯ ಸಾಲಿನ ಮೇಲೆ ಬೆರಳಿಟ್ಟ.
'ಇದರಾಗ ಯಾವುದು ಅಪ್ಪ, ಯಾವುದು ನಾ?'