ಸೋರುವ ಜಾಗ

ವಾಸ್ಕೋದಲ್ಲಿ ಗಾಡಿಯ ಗಾಜಿಗೆಲ್ಲ ಒಂದೇ ಬಣ್ಣ.
ಬಂದರಿನ ಕಲ್ಲಿದ್ದಲು ರಾತ್ರಿಯಿಡೀ ನಡೆದು ಬಂದು
ಒಣಹಾಕಿದ ಸೀರೆಯ ಮೇಲೂ, ತುಳಸಿಯ ಮೇಲೂ,
ನನ್ನ ಹನ್ನೊಂದು ವರ್ಷದ ಕಾರಿನ ಹಣೆಯ ಮೇಲೂ
ಕೂತಿರುತ್ತದೆ, ಹೇಳದೆ ಬಂದ ನೆಂಟರ ಹಾಗೆ.

ನೈಟ್ ಡ್ಯೂಟಿ ಮುಗಿಸಿ ಕಡ್ಡಿ ಎಳೆದೆ.
ಗುಂಯ್ ಎಂದಿತು ಮೋಟರು.
ನೀರಿಲ್ಲ.
ವೈಪರು ಒಣ ಗಾಜಿನ ಮೇಲೆ ಕರಿಯನ್ನು ಸವರಿ
ಎರಡು ಕಪ್ಪು ಬೀಸಣಿಗೆ ಬರೆದು ನಿಂತಿತು.
ಚಿಖಲಿಯ ಆಸ್ಪತ್ರೆಯಿಂದ ಮಾಂಗೋರ್ ಗುಡ್ಡದವರೆಗೆ
ತಲೆ ಹೊರಗೆ ಹಾಕಿ ಓಡಿಸಿದೆ.

"ಟ್ಯಾಂಕೇ ಹೋಗಿದೆ, ಬಾಯ್," ಅಂದ ಕೆಳಮನೆಯ ಕಾಯ್ತಾನ್,
ಬನಿಯನ್ನಿನಲ್ಲಿ, ಕೈಯಲ್ಲಿ ಪೊದೇರನ ಬಿಸಿ ಪಾವು.
"ವೆರ್ಣಾಕ್ಕೆ ಒಯ್ಯಿ. ನಾಲ್ಕು ಸಾವಿರ."
ಹಡಗಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ದುಡಿದವನು;
ಅವನಿಗೆ ಸೋರಿಕೆ ಅಂದರೆ ಮುಳುಗುವುದೇ.

ನಾನು ಇಪ್ಪತ್ತು ವರ್ಷ ಡ್ರಿಪ್ಪು ಹಾಕಿದವಳು.
ಕೈ ಊದಿದರೆ ಬಾಟಲಿಯನ್ನು ಯಾರೂ ಬೈಯುವುದಿಲ್ಲ,
ಪಟ್ಟಿ ಬಿಚ್ಚಿ ನೋಡಬೇಕು
ಸೂಜಿ ಎಲ್ಲಿದೆ, ನರ ಎಲ್ಲಿ ತಪ್ಪಿತು.

ಬಟ್ಟೆಗೆ ಹಾಕುವ ನೀಲಿ, ನಾಲ್ಕು ಹನಿ, ನೀರಿಗೆ ಬೆರೆಸಿ
ಟ್ಯಾಂಕು ತುಂಬಿದೆ. ಕೆಳಗೆ ನಿನ್ನೆಯ ಪೇಪರು ಹಾಸಿದೆ.
ನಿಧನವಾರ್ತೆಯ ಪುಟ ಮೇಲೆ ಬಂತು:
ಸಾಲು ಸಾಲು ಮುಖಗಳು, ಮುತ್ತಿನ ಸರದ ಒಬ್ಬ ಅಜ್ಜಿ.
ಕಾದೆ. ಚಹಾ ಕುಡಿದೆ. ಏನಿಲ್ಲ.
ಮಗಳು ಶಾಂಭವಿ ಒಳಗೆ ಕೂತು ಕಡ್ಡಿ ಎಳೆದಳು,
ಚಕ್ರದ ಹಿಂದಿನಿಂದ ಸುರ್ರೆಂದು
ಅಜ್ಜಿಯ ಕೆನ್ನೆ ನೀಲಿ.

ಎಳೆದಾಗ ಮಾತ್ರ ಸೋರುತ್ತದೆ.
ಟ್ಯಾಂಕಲ್ಲ, ಕಾಯ್ತಾನ್. ಕೊಳವೆ.

ಚಕ್ರ ಹೊರಳಿಸಿ, ಕಪ್ಪು ಹೊದಿಕೆಯ ಗುಂಡಿ ಒಂದೊಂದೇ ಕಿತ್ತೆ
(ಮೂರು ಬಂದವು, ಎರಡು ಮುರಿದವು).
ಒಳಗೆ ಮಣ್ಣು, ಹಳೆಯ ಎಲೆ, ಒಂದು ಒಣ ಸಿಗಡಿಯ ತಲೆ,
ಕೊಳವೆಯ ಮೊಣಕೈಯಲ್ಲಿ ಹಲ್ಲಿನ ಗುರುತು.
ಇಲಿ! ಇಷ್ಟು ಸಣ್ಣ ಬಾಯಿ.

ಕಚ್ಚಿದ್ದನ್ನು ಬ್ಲೇಡಿನಿಂದ ಕತ್ತರಿಸಿದೆ.
ಮೀನಿನ ತೊಟ್ಟಿ ಮಾರುವವನ ಹತ್ತಿರ
ಹತ್ತು ರೂಪಾಯಿಗೆ ಒಂದು ಪ್ಲಾಸ್ಟಿಕ್ ಜೋಡಿಕೆ.
ಕೊಳವೆಯ ತುದಿಯನ್ನು ಬಿಸಿನೀರಲ್ಲಿ ಅದ್ದಿ
ಮೆತ್ತಗಾದಾಗ ತೂರಿಸಿದೆ.
ಆಸ್ಪತ್ರೆಯ ನಳಿಗೆ ಸಿಗುತ್ತಿತ್ತು, ತರಲಿಲ್ಲ.
ಅದು ಇದೆಯೆಂದು ಗೊತ್ತಿದ್ದೂ ಓಡಿಸಲಾರೆ.

"ಎಳಿ" ಎಂದೆ.
ಎಡದ ತೂತಿನ ನೀರು ಎದ್ದು ಕಾರಿನ ತಲೆ ದಾಟಿ
ಕಾಯ್ತಾನನ ಬನಿಯನ್ನಿಗೆ ಬಿತ್ತು.
ಬಲದ್ದು ಕಟ್ಟಿತ್ತು; ಸೀರೆಯ ಪಿನ್ನು ಚುಚ್ಚಿ ಬಿಡಿಸಿದೆ.
ಅವನು ತನ್ನ ನೀಲಿ ಎದೆ ನೋಡಿಕೊಂಡು
"ಹಡಗಿಗೂ ಹೀಗೇ" ಅಂದ.
ಏನು ಹೀಗೇ ಎಂದು ಹೇಳಲಿಲ್ಲ.

ಗೆದ್ದೆ ಎಂದು ಮಲಗಿದೆ.
ಸಂಜೆ ಎದ್ದರೆ ಪೇಪರಿನ ಮೇಲೆ ಹೊಸದಾಗಿ
ಕಾಸಿನಗಲ ನೀಲಿ.
ಯಾರೂ ಕಡ್ಡಿ ಮುಟ್ಟಿರಲಿಲ್ಲ.
ದೊಡ್ಡದು ಸೋರುವಾಗ ಸಣ್ಣದು
ಮರ್ಯಾದೆಯಿಂದ ಸುಮ್ಮನಿರುತ್ತದೆ.

ಟ್ಯಾಂಕಿಗೆ ಮೋಟರು ಕೂರುವಲ್ಲಿ ಒಂದು ರಬ್ಬರಿನ ಉಂಗುರ,
ಒಣಗಿ, ಗಟ್ಟಿಯಾಗಿ. ಉಗುರು ಊರಿದೆ,
ಬಿರುಕು ಬಾಯಿ ತೆರೆಯಿತು.
"ಅಂಟು ಮಾತ್ರ ಹಚ್ಚಬೇಡ," ಅಂದ ಸ್ಪೇರ್ ಅಂಗಡಿಯ ಗುರುದಾಸ.
ಹೊಸದಕ್ಕೆ ಮೂವತ್ತು ರೂಪಾಯಿ.
ಸೋಪುನೀರು ಸವರಿ ಹೆಬ್ಬೆರಳಲ್ಲಿ ಒತ್ತಿದೆ,
ಒತ್ತಿದೆ, ಬೈದೆ, ಮತ್ತೆ ಒತ್ತಿದೆ.
ಕೊನೆಗೆ ಕೂತಿತು,
ಎಳೆಗೂಸಿಗೆ ಮೊಲೆ ಸಿಕ್ಕ ಹಾಗೆ.

ಮರುದಿನ ಆರು ಗಂಟೆ. ಗಾಜಿನ ಮೇಲೆ ಅದೇ ನೆಂಟರು.
ಎಳೆದೆ.
ಕರಿ ನೀಲಿಯಾಗಿ, ನೀಲಿ ತೆಳುವಾಗಿ ಇಳಿದು
ಎದುರಿಗೆ ಇಳಿಜಾರು ರಸ್ತೆ, ಆಚೆ ಕ್ರೇನುಗಳು,
ಇನ್ನೂ ಖಾಲಿಯಾಗದ ಹಡಗು.

ಆಸ್ಪತ್ರೆಯ ಅಂಗಳದಲ್ಲಿ ನಿಲ್ಲಿಸಿ ಇಳಿದರೆ
ಗಾಡಿಯ ಕೆಳಗೆ ಟಪ್ ಟಪ್.
ಯೂನಿಫಾರ್ಮಿನಲ್ಲೇ ಮೊಣಕಾಲೂರಿ
ಒಂದು ಹನಿ ಬೆರಳಿಗೆ ಹಿಡಿದು ಬೆಳಕಿಗೆ ಎತ್ತಿದೆ.
ನೀಲಿಯಿಲ್ಲ.
ಏಸಿಯ ನೀರು. ಅದು ಸೋರಲೇಬೇಕಾದದ್ದು.

ಒಳಗಿನಿಂದ ಯಾರೋ ಕರೆಯುತ್ತಿದ್ದರು,
ಏಳನೇ ಹಾಸಿಗೆಯ ಡ್ರಿಪ್ಪು ನಿಂತಿದೆ ಸಿಸ್ಟರ್ ಎಂದು.