ಬಿಟ್ಟಿ

ಮೂವತ್ತು ದಿನ ಪುಕ್ಕಟೆ ಎಂದದ್ದು ಮುಗಿದ ರಾತ್ರಿ
ನಾನು ಬಿಡಿಸಿದ ಹೂವಿನ ಮೇಲೇ ಅಡ್ಡಲಾಗಿ
ಬೂದು ಮುದ್ರೆ ಬಿತ್ತು:
ಹಣ ಕಟ್ಟಿ, ಮುಂದುವರಿಯಿರಿ.
ಖಾತೆಯಲ್ಲಿ ಹದಿನೆಂಟು ಪೌಂಡು, ಚಿಲ್ಲರೆ.
ಕರೆಂಟಿನ ಮೀಟರಿಗೆ ಹತ್ತು ತೆಗೆದಿಟ್ಟರೆ
ಉಳಿದದ್ದು ನೀವೇ ಲೆಕ್ಕ ಹಾಕಿ.

ಡಂಡಿಯಲ್ಲಿ ನವೆಂಬರ್ ಅಂದರೆ ನಾಲ್ಕಕ್ಕೇ ಕತ್ತಲು.
ಟೇ ನದಿಯ ಗಾಳಿ
ಹಿಲ್‌ಟೌನಿನ ಏರನ್ನು ನನಗಿಂತ ಬೇಗ ಹತ್ತುತ್ತದೆ.
ಶನಿವಾರ ಲ್ಯಾಪ್‌ಟಾಪನ್ನು ಎದೆಗವಚಿಕೊಂಡು
(ಹಳೇ ಸಾಮಾನಿನ ಅಂಗಡಿಯಲ್ಲಿ ಮೂವತ್ತೈದಕ್ಕೆ ಕೊಂಡದ್ದು,
ಕೀಲಿಮಣೆಯಲ್ಲಿ ಒಂದು ಹಲ್ಲು ಉದುರಿದೆ)
ಚರ್ಚಿನ ಹಿಂದಿನ ಹಾಲಿಗೆ ಹೋದೆ.
ಟೋಸ್ಟರು, ಪ್ಯಾಂಟಿನ ಜಿಪ್ಪು, ಮಾತು ಬಿಟ್ಟ ರೇಡಿಯೊ,
ಆ ರಿಪೇರಿಯ ಸಾಲಿನಲ್ಲಿ ನಾನೂ.

ಐಲ್ಸಾ ಕಿನ್ನಿಯರ್ ಕನ್ನಡಕ ಹಣೆಗೇರಿಸಿ
ಯಂತ್ರದ ಬೆನ್ನು ಬಿಚ್ಚಿ ಧೂಳು ಊದಿದಳು.
ಅವಳ ಅಜ್ಜಿ ಇಲ್ಲೇ ಸೆಣಬಿನ ಗಿರಣಿಯಲ್ಲಿ ನೇಯ್ದವಳಂತೆ,
ಮಗ್ಗದ ಗದ್ದಲಕ್ಕೆ ಕಿವಿ ಹೋಗಿ
ತುಟಿ ನೋಡಿಯೇ ಮಾತು ಹಿಡಿಯುತ್ತಿದ್ದಳಂತೆ.
ಪೆನ್‌ಡ್ರೈವೊಂದನ್ನು ಚುಚ್ಚಿ
'ಟೀ ಕುಡಿ, ಇಪ್ಪತ್ತು ನಿಮಿಷ' ಅಂದಳು.
ಎಷ್ಟು ಕೊಡಲಿ?
ಬಿಸ್ಕೀಟಿನ ಖಾಲಿ ಡಬ್ಬ ತೋರಿಸಿದಳು: ಇದ್ದರೆ ಹಾಕು.
ಇಲ್ಲದಿದ್ದರೆ?
ತಟ್ಟೆ ನನ್ನ ಕಡೆ ತಳ್ಳಿದಳು: ಇಲ್ಲದಿದ್ದರೆ ತಿನ್ನು.

ಬಿಟ್ಟಿ ಸಿಕ್ಕಿದ್ದು ನನಗೆ ಒಗ್ಗುವುದಿಲ್ಲ.
ಬಿಟ್ಟಿ ಕೂಳು, ಬಿಟ್ಟಿ ಉಪದೇಶ,
ಆ ಪದ ಬಂದಲ್ಲೆಲ್ಲ ಯಾರೋ ಮೂಗು ಮುರಿದ ಹಾಗೆ.
ಬಿಟ್ಟಿ ಅಂದರೆ ಕೂಲಿಯಿಲ್ಲದ ಚಾಕರಿಯೂ ಹೌದು.
ಗೌಡರ ಕಣದಲ್ಲಿ ಬಾಗಿದ ನಮ್ಮಜ್ಜನ ಬೆನ್ನಿಗೆ
ಅದರ ಅರ್ಥ ನಿಘಂಟಿಗಿಂತ ಚೆನ್ನಾಗಿ ಗೊತ್ತಿತ್ತು.

ರಾತ್ರಿ ಕಂಬಳಿಯೊಳಗೆ ಹೊಸ ಪರದೆ ತೆರೆದೆ.
ಭಾಷೆ ಯಾವುದು ಎಂದು ಕೇಳಿತು.
ಸುಮ್ಮನೆ, ಕುತೂಹಲಕ್ಕೆ, ಪಟ್ಟಿಯಲ್ಲಿ ಕೆಳಗೆ ಕೆಳಗೆ ಜಾರಿದೆ.
ಇತ್ತು.
ಕಡತ. ಅಂಟಿಸು. ಉಳಿಸು.
ಉಳಿಸು!
ಗ್ಯಾಸು ಉಳಿಸು, ಎಣ್ಣೆ ಉಳಿಸು, ನಾಳೆಗೆ ನಾಲ್ಕು ಕಾಸು ಉಳಿಸು,
ಅಮ್ಮ ದಿನವಿಡೀ ಅನ್ನುವ ಮಾತು
ಇಲ್ಲಿ ಗುಂಡಿಯೊಂದರ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು.

ಯಾರು ಬರೆದರು ಇದನ್ನು?
ಊಟ ಮುಗಿಸಿ, ಮಗುವನ್ನು ಮಲಗಿಸಿ,
'ಸೇವ್' ಅನ್ನುವುದಕ್ಕೆ ನಮ್ಮಲ್ಲಿ ಏನನ್ನೋಣ ಎಂದು
ತಲೆ ಕೆರೆದುಕೊಂಡವರು ಯಾರು?
ಹುಡುಕಿದೆ. ಸಿಕ್ಕಿದ್ದು ಎರಡಕ್ಷರದ ಒಂದು ಹೆಸರು,
ಪಕ್ಕದಲ್ಲಿ ಒಂದು ಹಳೆಯ ಇಸವಿ.
ಕೂಲಿಯಿಲ್ಲ, ನಿಜ.
ಆದರೆ ಗೌಡನೂ ಇಲ್ಲ.

ಕೆಲವು ಕಡೆ ಅವರು ದಣಿದು ಬಿಟ್ಟಿದ್ದರು;
ಗಾರೆ ಬಳಿಯದ ಇಟ್ಟಿಗೆಯಂತೆ ಇಂಗ್ಲಿಷು ಹಾಗೇ ಕಾಣುತ್ತಿತ್ತು.
ಒಂದು ಪದ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ:
ವಿನ್ಯಾಸದ ಅಂಚಿಗೆ 'ತುದಿ' ಅಂದಿದ್ದರು.
ಕೋಲಿಗೆ ತುದಿ, ನಾಲಗೆಗೆ ತುದಿ.
ಬಟ್ಟೆಗೆ ಅಂಚು.
ಓದು ಬಿಟ್ಟು ಮೂರು ವರ್ಷ ಸೀರೆ ಅಂಗಡಿಯಲ್ಲಿ
ಅಂಚು ಮಡಿಸಿಟ್ಟವಳು ನಾನು, ಅಷ್ಟು ಗೊತ್ತು.

ಹೂವು ಮುಗಿಯುವಾಗ ಎರಡೂವರೆ.
ಹೀಟರು ಎಂದೋ ಆರಿತ್ತು.
ಬೂದು ಮುದ್ರೆ ಇರಲಿಲ್ಲ.
ಮಲಗುವ ಮುಂಚೆ
ಆ ಒಂದು ಪದ ತಿದ್ದಿ ಕಳಿಸಿದೆ,
ಒಪ್ಪುತ್ತಾರೋ ಬಿಡುತ್ತಾರೋ.
ಡಬ್ಬಕ್ಕೆ ನಾನು ಹಾಕಿದ್ದು ಎರಡಕ್ಷರ.
ತಿಂದ ಬಿಸ್ಕೀಟೂ,
ಸುಳ್ಳು ಯಾಕೆ ಹೇಳಲಿ,
ಎರಡಲ್ಲ, ನಾಲ್ಕು.