ಬೇರಾಗದೆ ಬೇರು ಕೀಳಲಾಗದು

ಮೊದಲು ನಿಲ್ಲಿಸು, ಆಮೇಲೆ ಕೀಳು,
ಓಡುತ್ತಿರುವುದನ್ನು ಕಿತ್ತರೆ ಅರ್ಧ ಒಳಗೇ ಉಳಿಯುತ್ತದೆ
ಎನ್ನುತ್ತಿದ್ದ ಉರ್ಪೊ, ಪ್ರತಿ ಸಲ,
ನನಗೆ ಗೊತ್ತೇ ಇಲ್ಲವೇನೋ ಎಂಬಂತೆ.

ಫೆಬ್ರವರಿ. ಮೈನಸ್ ಇಪ್ಪತ್ತಾರು.
ಕಾರಿನ ಎಂಜಿನ್ನಿಗೆ ಕರೆಂಟಿನ ವೈರು ಚುಚ್ಚಿ ಬಂದಿದ್ದೇನೆ,
ಹೆಪ್ಪುಗಟ್ಟದಿರಲಿ ಅಂತ.
ಹಾಲ್ಕೊಸ್ಕಿಯ ಕಾಗದದ ಕಾರ್ಖಾನೆಯಲ್ಲಿ
ಬೆಚ್ಚಗಿರುವುದು ಇನ್ನು ಎರಡೇ:
ಆ ಎಂಜಿನ್ನು, ಈ ಸರ್ವರ್ ಕೋಣೆ.

ಮೂರು ಪೆಟ್ಟಿಗೆ, ಮೂರು ಜಾಯಮಾನ.
ಮೂರರಲ್ಲೂ ಒಂದೇ ತಂತ್ರಾಂಶ ಹತ್ತೊಂಬತ್ತು ವರ್ಷ ಕೂತು
ರೀಲುಗಳ ಲೆಕ್ಕ ಬರೆದಿದೆ:
ತೂಕ, ಅಗಲ, ತೇವ, ಯಾವ ಲಾರಿ, ಯಾವ ಹಡಗು.

ವಿಂಡೋಸ್‌ನದು ಉಪಚಾರ ಜಾಸ್ತಿ.
ಖಚಿತವೇ? ಎನ್ನುತ್ತದೆ.
ಹೌದೆಂದರೆ ಇನ್ನೊಂದು ಕಿಟಕಿ ತೆರೆದು
ನಿಜಕ್ಕೂ ಖಚಿತವೇ?
ಬೂಟು ಮೆಟ್ಟಿ ಹೊಸಿಲಲ್ಲಿ ನಿಂತ ಮೇಲೂ
ಅರ್ಧ ಗಂಟೆ ಮಾತು ಹಿಡಿಯುವ ಅತ್ತಿಗೆಯ ಹಾಗೆ.
ಹಸಿರು ಪಟ್ಟಿ ತೊಂಬತ್ತೊಂಬತ್ತಕ್ಕೆ ಬಂದು ನಿಂತಿತು.
ಕಾಫಿ ಕುಡಿದೆ. ಇನ್ನೊಂದು ಕುಡಿದೆ.
ಮುಗಿಯಿತು ಅಂದಿತು. ರಿಜಿಸ್ಟ್ರಿಯೊಳಗೆ ಇಣುಕಿದರೆ
ಹೆಸರು ಇನ್ನೂ ಇಪ್ಪತ್ತೆರಡು ಕಡೆ.
ಮೀನಿನ ಮುಳ್ಳು ಆರಿಸಿದಂತೆ ಒಂದೊಂದೇ ಆರಿಸಿದೆ.

ಲಿನಕ್ಸ್ ನಮ್ಮೂರಿನವರ ಪೈಕಿ.
ಒಂದು ಸಾಲು ಬರೆದು ಎಂಟರ್ ಒತ್ತಿದೆ,
ಕೆಳಗಿನ ಸಾಲಲ್ಲಿ ಕರ್ಸರ್ ಮಿಣುಕಿತು, ಅಷ್ಟೇ.
ಏನೂ ಹೇಳದಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ.
ಗಂಡನೊಡನೆ ಮೂವತ್ತು ವರ್ಷ ಬಾಳಿದ್ದೂ
ಇದೇ ನಂಬಿಕೆಯ ಮೇಲೆ.

ಮೂರನೆಯದು ಸೋಲಾರಿಸ್, ಎಲ್ಲಕ್ಕೂ ಹಿರಿಯ.
ಅಲ್ಲಿ ಮೊದಲು ರೂಟ್ ಆಗಬೇಕು,
ಬೇರಾಗದೆ ಬೇರು ಕೀಳಲಾಗದು.
ಪಾಸ್‌ವರ್ಡ್ ಉರ್ಪೊನದು, ಯಾರೂ ಬದಲಿಸಿಲ್ಲ:
ಅವನ ನಾಯಿಯ ಹೆಸರು, ಅದು ಹುಟ್ಟಿದ ವರ್ಷ.
ನಾಯಿಯೂ ಇಲ್ಲ, ಅವನೂ ಇಲ್ಲ.
ಬಾಗಿಲು ತೆರೆಯಿತು.

ಒಂದೊಂದಕ್ಕೂ ಕೇಳುತ್ತಾ ಹೋಯಿತು, ಅಳಿಸಲೇ, ಅಳಿಸಲೇ,
ಹೌದು, ಹೌದು, ಹೌದು.
ಕೊನೆಗೆ: ಈ ಫೋಲ್ಡರ್ ಖಾಲಿಯಿಲ್ಲ, ಬಿಟ್ಟಿದ್ದೇನೆ.
ನೀವೇ ನೋಡಿಕೊಳ್ಳಿ.

ಒಳಗೊಂದು ಪುಟ್ಟ ಸ್ಕ್ರಿಪ್ಟು. ತಲೆಯ ಮೇಲೆ ಅವನ ಒಕ್ಕಣೆ:
ರೈಲಿ, ಈ ಸಾಲು ಮುಟ್ಟಬೇಡ,
ಮುಟ್ಟಿದರೆ ಮೂರನೇ ಮಷೀನು ನಿಲ್ಲುತ್ತದೆ.
ತಾರೀಖು ನೋಡಿದೆ. ನಡುಬೇಸಿಗೆಯ ಹಬ್ಬದ ರಾತ್ರಿ,
ನಾವೆಲ್ಲ ಸರೋವರದ ದಡದಲ್ಲಿ ಬೆಂಕಿ ಹಚ್ಚಿ ಕುಣಿದದ್ದು.
ಅವನೆಲ್ಲಿ ಎಂದು ಯಾರೂ ಕೇಳಿರಲಿಲ್ಲ.

ಮೂರನೇ ಮಷೀನು ಅಕ್ಟೋಬರಿನಲ್ಲೇ ನಿಂತಿದೆ.
ಕೊಯ್ದು, ಸೀಮೆಸುಣ್ಣದಲ್ಲಿ ನಂಬರು ಬರೆದು
ನಲವತ್ತು ಕಂಟೇನರಿನಲ್ಲಿ ಕೋಟ್ಕಾ ಬಂದರು ದಾಟಿಸಿದರು.
ಯಾವ ದೇಶಕ್ಕೋ. ಹೇಳಿದ್ದರು, ಮರೆತೆ.
ಆದರೂ ಈ ಸ್ಕ್ರಿಪ್ಟು ಪ್ರತಿ ರಾತ್ರಿ ಮೂರು ಹತ್ತಕ್ಕೆ ಎದ್ದು
ಇಲ್ಲದ ಮಷೀನಿಗೆ ಕೇಳುತ್ತಿತ್ತು: ಇದ್ದೀಯಾ?
ಓ ಎನ್ನದಿದ್ದರೆ
ಉರ್ಪೊನ ಮೊಬೈಲಿಗೆ ಸಂದೇಶ: ಬೇಗ ಬಾ.
ನೂರ ಹದಿನಾರು ರಾತ್ರಿ. ಲಾಗ್‌ನಲ್ಲಿದೆ, ಎಣಿಸಿದೆ.
ಆ ನಂಬರು ಈಗ ಯಾರದೋ.

ಹೆಲ್ಸಿಂಕಿಯಿಂದ ಯಾನಿಕಾಳ ಫೋನು: ಆಯಿತಾ?
ಒಂದು ಫೋಲ್ಡರ್ ಉಳಿದಿದೆ ಅಂದೆ.
ಅದರಲ್ಲೇನು?
ಏನಿಲ್ಲ.

ಅಳಿಸುವ ಮುನ್ನ ಅದೇ ದಾರಿಯಲ್ಲಿ ಒಂದು ಸಾಲು ಕಳಿಸಿದೆ,
ಯಾರಿದ್ದಾರೋ ಆ ತುದಿಯಲ್ಲಿ ಅವರಿಗೆ:
ಇನ್ನು ಎಬ್ಬಿಸುವುದಿಲ್ಲ, ಮಲಗಿ.
ಆಮೇಲೆ ಮುಟ್ಟಬಾರದ್ದನ್ನು ಮುಟ್ಟಿದೆ.
ಏನೂ ನಿಲ್ಲಲಿಲ್ಲ.
ಪೆಟ್ಟಿಗೆಯ ಫ್ಯಾನು ಮಾತ್ರ, ಸ್ವಿಚ್ ಆರಿಸಿದ ಮೇಲೂ,
ಒಂದಷ್ಟು ಹೊತ್ತು ಸುತ್ತುತ್ತಿತ್ತು.

ಹೊರಗೆ ಬಂದು ವೈರು ಕಿತ್ತು ಸುತ್ತಿಟ್ಟೆ.
ಕಾರು ಮೊದಲ ಸಲಕ್ಕೇ ಹೊತ್ತಿಕೊಂಡಿತು.